ಗೊರಕೆಯ ಹಿಂದಿರುವ ಕಾಯಿಲೆ: ಸ್ಲೀಪ್ ಅಪ್ನಿಯಾ ಕುರಿತು ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಅಧ್ಯಯನ ಪಾಠ

ಪಾಠದ ಉದ್ದೇಶ

ಈ ಪಾಠದ ಅಧ್ಯಯನದ ನಂತರ ಗ್ರಾಮ ಪಂಚಾಯತಿ ಸದಸ್ಯರು:

1. ನಿದ್ರೆಯಲ್ಲಿ ಪದೇ ಪದೇ ಉಸಿರು ಕಟ್ಟುವ ಕಾಯಿಲೆಯ ಲಕ್ಷಣಗಳನ್ನು ಗುರುತಿಸಬಲ್ಲರು;
2. ಅಂಥ ವ್ಯಕ್ತಿಯು ಮೊದಲು ಎಲ್ಲಿಗೆ, ಅನಂತರ ಎಲ್ಲಿಗೆ ಹೋಗಬೇಕೆಂಬುದನ್ನು ತಿಳಿಸಬಲ್ಲರು;
3. ಚಿಕಿತ್ಸೆ ಆರಂಭಿಸಿದವರು ಅದನ್ನು ನಡುವೆ ಬಿಡದಂತೆ ನೆರವಾಗಬಲ್ಲರು;
4. ಹಗಲು ತೂಕಡಿಸುವ ನೌಕರನ ಬಗ್ಗೆ ತೀರ್ಮಾನಕ್ಕೆ ಬರುವ ಮುನ್ನ ಆರೋಗ್ಯದ ಕಾರಣವಿದೆಯೇ ಎಂದು ವಿಚಾರಿಸಬಲ್ಲರು.

1. ಪೀಠಿಕೆ

'ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಎಂಬ ಗಾದೆ ಎಲ್ಲರೂ ಬಲ್ಲದ್ದು. ಬಸ್ಸಿನಲ್ಲಿ, ಅರಳಿಕಟ್ಟೆಯ ಮೇಲೆ, ಗ್ರಾಮಸಭೆಯ ನಡುವೆ ಕುಳಿತಲ್ಲೇ ಗೊರಕೆ ಹೊಡೆಯುವವರನ್ನು ಕಂಡು ಜನರು ಈ ಗಾದೆಯನ್ನು ಹೇಳಿ ನಗುವುದುಂಟು. ಕುಂಭಕರ್ಣನೆಂದು ಅಡ್ಡಹೆಸರಿಡುವುದೂ ಉಂಟು. ಆದರೆ ಹಗಲು ಹೊತ್ತಿನಲ್ಲಿ ಕುಳಿತಲ್ಲೇ ನಿದ್ದೆ ಹೋಗುವವರೆಲ್ಲರೂ ನಿಶ್ಚಿಂತರಲ್ಲ, ಸೋಮಾರಿಗಳೂ ಅಲ್ಲ. ಅವರಲ್ಲಿ ಕೆಲವರು ರಾತ್ರಿ ಎಂಟು ಗಂಟೆ ಹಾಸಿಗೆಯಲ್ಲಿದ್ದರೂ ನಿಜವಾದ ನಿದ್ರೆಯನ್ನು ಕಾಣದವರು. ನಿದ್ರೆಯಲ್ಲಿ ಅವರ ಉಸಿರು ಹತ್ತಾರು, ಕೆಲವೊಮ್ಮೆ ನೂರಾರು ಬಾರಿ ಕಟ್ಟಿರುತ್ತದೆ. ಆ ಸಂಗತಿ ಅವರಿಗೇ ತಿಳಿದಿರುವುದಿಲ್ಲ. ಈ ಕಾಯಿಲೆಯನ್ನು ವೈದ್ಯರು ಸ್ಲೀಪ್ ಅಪ್ನಿಯಾ ಎಂದು ಕರೆಯುತ್ತಾರೆ.

ಇದು ಅಪರೂಪದ ಕಾಯಿಲೆಯಲ್ಲ. ಭಾರತದಲ್ಲಿ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ತಜ್ಞರು 2023ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ವಯಸ್ಕರಲ್ಲಿ ಸುಮಾರು ಶೇ. 11ರಷ್ಟು ಜನರಿಗೆ ಈ ತೊಂದರೆಯಿದೆ, ಪುರುಷರಲ್ಲಿ ಶೇ. 13, ಮಹಿಳೆಯರಲ್ಲಿ ಶೇ. 5. ದುಡಿಯುವ ವಯಸ್ಸಿನವರಲ್ಲಿ ಸುಮಾರು 10.4 ಕೋಟಿ ಜನರು ಇದಕ್ಕೆ ಒಳಗಾಗಿರಬಹುದೆಂದು ಅದೇ ವರದಿ ಅಂದಾಜಿಸಿದೆ. ಈ ಲೆಕ್ಕದಲ್ಲಿ ನೋಡಿದರೆ ಪ್ರತಿಯೊಂದು ಗ್ರಾಮದಲ್ಲಿಯೂ ಇಂಥವರು ಇರುವ ಸಂಭವವಿದೆ. ಅವರಲ್ಲಿ ಬಹುತೇಕರು ವೈದ್ಯರ ಬಳಿಗೆ ಹೋಗಿರುವುದಿಲ್ಲ. ಗೊರಕೆಯನ್ನು ಕಾಯಿಲೆಯ ಗುರುತೆಂದು ಯಾರೂ ಭಾವಿಸದಿರುವುದೇ ಇದಕ್ಕೆ ಮುಖ್ಯ ಕಾರಣ.

2. ಒಂದು ಸಭೆಯ ಸನ್ನಿವೇಶ

(ಇದು ಚರ್ಚೆಗಾಗಿ ರೂಪಿಸಿದ ಸನ್ನಿವೇಶ, ಯಾವುದೇ ನಿರ್ದಿಷ್ಟ ಪಂಚಾಯತಿಗೆ ಅಥವಾ ವ್ಯಕ್ತಿಗೆ ಸಂಬಂಧಿಸಿದ್ದಲ್ಲ.)

ಒಂದು ಗ್ರಾಮ ಪಂಚಾಯತಿಯ ಸಾಮಾನ್ಯ ಸಭೆ. ಕಾರ್ಯಸೂಚಿಯಲ್ಲಿ ನೀರುಗಂಟಿಯ ವಿರುದ್ಧ ಬಂದ ದೂರು ಇದೆ. ಆತನ ವಯಸ್ಸು 46. ಹದಿನೈದು ವರ್ಷಗಳಿಂದ ಕೆಲಸದಲ್ಲಿದ್ದಾನೆ. ಬೆಳಗಿನ ಜಾವ ಮೋಟರು ಚಾಲೂ ಮಾಡಿ ಪಂಪ್‌ಹೌಸಿನಲ್ಲಿಯೇ ನಿದ್ದೆ ಹೋದ ಕಾರಣ ಆ ತಿಂಗಳಲ್ಲಿ ಎರಡು ಬಾರಿ ಟ್ಯಾಂಕು ತುಂಬಿ ಹರಿದಿದೆ. ಮೇಲಿನ ಕೇರಿಗೆ ವಾಲ್ವು ತಿರುಗಿಸದೆ ಅಲ್ಲಿನ ಮನೆಗಳಿಗೆ ನೀರು ಬಂದಿಲ್ಲ. ಹಿಂದಿನ ವಾರ ಆತ ಬೈಕಿನಲ್ಲಿ ಬರುವಾಗ ಚರಂಡಿಗೆ ಬಿದ್ದಿದ್ದಾನೆ.

"ಕುಡಿದು ಮಲಗೋನಿಗೆ ಸಂಬಳ ಯಾಕೆ ಕೊಡಬೇಕು? ತೆಗೆದುಹಾಕಿ, ಬೇರೆಯವರನ್ನ ನೋಡೋಣ" ಎಂದು ಒಬ್ಬ ಸದಸ್ಯರು ಹೇಳಿದರು. ಹಲವರು ತಲೆದೂಗಿದರು. ಆಗ ಅದೇ ವಾರ್ಡಿನ ಮಹಿಳಾ ಸದಸ್ಯೆಯೊಬ್ಬರು ಎದ್ದು ನಿಂತರು: "ಅಧ್ಯಕ್ಷರೇ, ಆ ಅಣ್ಣ ಕುಡಿಯೋರಲ್ಲ. ಅವರ ಮನೆ ನಮ್ಮ ಪಕ್ಕದ್ದೇ. ಗೊರಕೆ ನಮ್ಮ ಗೋಡೆಗೂ ಕೇಳುತ್ತೆ. ಇದ್ದಕ್ಕಿದ್ದಂಗೆ ಸದ್ದು ನಿಂತುಹೋಗುತ್ತಂತೆ, ಉಸಿರೇ ಇರಲ್ವಂತೆ. ಆ ಅಕ್ಕ ರಾತ್ರಿಯೆಲ್ಲ ಎದ್ದು ಕೂತು ಅಲ್ಲಾಡಿಸಿ ಎಬ್ಬಿಸ್ತಾರೆ. ಹೋದ ತಿಂಗಳು ಆಶಾ ಕಾರ್ಯಕರ್ತೆ ಬಿ.ಪಿ. ನೋಡಿದಾಗ ಜಾಸ್ತಿ ಇದೆ ಅಂದ್ರು. ಒಂದು ಸಲ ಡಾಕ್ಟರಿಗೆ ತೋರಿಸಿ ಆಮೇಲೆ ತೀರ್ಮಾನ ಮಾಡೋಣ."

ಸಭೆಯ ಮುಂದೆ ಈಗ ಎರಡು ದಾರಿಗಳಿವೆ. ದೂರಿನಲ್ಲಿ ಹೇಳಿರುವ ಲೋಪ ನಿಜ. ನೀರು ಬಾರದ ಮನೆಗಳ ಕಷ್ಟವೂ ನಿಜ. ಆದರೆ ಆ ಲೋಪಕ್ಕೆ ಕಾರಣ ಸೋಮಾರಿತನವೋ ಕಾಯಿಲೆಯೋ ಎಂಬುದನ್ನು ತಿಳಿಯದೆ ನಿರ್ಣಯ ಕೈಗೊಳ್ಳಬೇಕೇ? ಈ ಪ್ರಶ್ನೆಗೆ ಉತ್ತರಿಸಲು ಕಾಯಿಲೆಯ ಸ್ವರೂಪವನ್ನು ತಿಳಿಯುವುದು ಅವಶ್ಯ.

3. ನಿದ್ರೆಯಲ್ಲಿ ನಡೆಯುವುದೇನು?

ಎಚ್ಚರವಿರುವಾಗ ಗಂಟಲಿನ ಸ್ನಾಯುಗಳು ಬಿಗಿಯಾಗಿದ್ದು ಉಸಿರಿನ ದಾರಿಯನ್ನು ತೆರೆದಿಡುತ್ತವೆ. ನಿದ್ರೆ ಬಂದಾಗ ಅವು ಸಡಿಲಗೊಳ್ಳುತ್ತವೆ. ನಾಲಿಗೆಯ ಬುಡವೂ ಕಿರುನಾಲಿಗೆಯ ಸುತ್ತಲಿನ ಮೃದುಭಾಗವೂ ಹಿಂದಕ್ಕೆ ಸರಿಯುತ್ತವೆ. ದಾರಿ ಕಿರಿದಾದಾಗ ಗಾಳಿಯ ರಭಸಕ್ಕೆ ಮೃದುಭಾಗವು ಅದುರುವ ಸದ್ದೇ ಗೊರಕೆ. ದಾರಿ ಪೂರ್ತಿ ಮುಚ್ಚಿಕೊಂಡರೆ ಉಸಿರು ನಿಲ್ಲುತ್ತದೆ. ಬಾವಿಯಿಂದ ನೀರೆತ್ತುವ ಪಂಪಿನ ಸಕ್ಷನ್ ಪೈಪು ಮೆತ್ತಗಿದ್ದರೆ ಎಳೆತಕ್ಕೆ ಒಳಕ್ಕೆ ಕುಗ್ಗಿ ನೀರು ನಿಲ್ಲುವುದನ್ನು ರೈತರೆಲ್ಲರೂ ಕಂಡಿದ್ದಾರೆ. ಗಂಟಲಿನಲ್ಲಿ ನಡೆಯುವುದೂ ಬಹುಮಟ್ಟಿಗೆ ಅದೇ.

ಹೀಗೆ 10 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಕಾಲ ಉಸಿರು ನಿಂತರೆ ಅದನ್ನು ಒಂದು ಅಪ್ನಿಯಾ ಎಂದು ಎಣಿಸಲಾಗುತ್ತದೆ. ಆ ಹೊತ್ತಿನಲ್ಲಿ ರಕ್ತದಲ್ಲಿನ ಆಮ್ಲಜನಕ ಇಳಿಯುತ್ತದೆ. ಮೆದುಳು ಅಪಾಯವನ್ನರಿತು ದೇಹವನ್ನು ಅರೆಕ್ಷಣ ಎಚ್ಚರಿಸುತ್ತದೆ. ವ್ಯಕ್ತಿಯು ದೊಡ್ಡ ಸದ್ದಿನೊಂದಿಗೆ ಉಸಿರೆಳೆದುಕೊಂಡು ಮತ್ತೆ ನಿದ್ರೆಗೆ ಜಾರುತ್ತಾನೆ. ಈ ಎಚ್ಚರ ಬಹಳ ಕಿರಿದಾದ್ದರಿಂದ ಬೆಳಿಗ್ಗೆ ಅದು ನೆನಪಿನಲ್ಲಿ ಉಳಿಯುವುದಿಲ್ಲ. ಆದರೆ ಪ್ರತಿ ಬಾರಿಯೂ ಹೃದಯದ ಬಡಿತ ಏರುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ, ಆಳವಾದ ನಿದ್ರೆ ಒಡೆದುಹೋಗುತ್ತದೆ. ರಾತ್ರಿಯಿಡೀ ಯಾರೋ ಎರಡು ನಿಮಿಷಕ್ಕೊಮ್ಮೆ ತಟ್ಟಿ ಎಬ್ಬಿಸಿದವನ ಸ್ಥಿತಿಯೇ ಮರುದಿನ ಈ ವ್ಯಕ್ತಿಯದು.

ಕೆಲವರಲ್ಲಿ ಗಂಟಲು ಮುಚ್ಚದಿದ್ದರೂ ಉಸಿರಾಡುವಂತೆ ಮೆದುಳಿನಿಂದ ಬರಬೇಕಾದ ಸೂಚನೆಯೇ ತಪ್ಪುವುದರಿಂದ ಉಸಿರು ನಿಲ್ಲುತ್ತದೆ. ಹೃದಯದ ವೈಫಲ್ಯ ಅಥವಾ ಪಾರ್ಶ್ವವಾಯುವಿಗೆ ಒಳಗಾದವರಲ್ಲಿ ಇದು ಕಂಡುಬರಬಹುದು. ಈ ಬಗೆ ಕಡಿಮೆ. ಹೆಚ್ಚಾಗಿ ಕಾಣುವುದು ಗಂಟಲು ಮುಚ್ಚುವ ಬಗೆ.

4. ಲಕ್ಷಣಗಳು ಮತ್ತು ಯಾರಿಗೆ ಹೆಚ್ಚು ಸಂಭವ

ರಾತ್ರಿಯ ಲಕ್ಷಣಗಳು: ಜೋರಾದ ಗೊರಕೆ, ಗೊರಕೆಯ ನಡುವೆ ಉಸಿರು ನಿಂತು ನಿಶ್ಶಬ್ದ, ಅನಂತರ ಏದುಸಿರು, ಉಸಿರುಗಟ್ಟಿದಂತಾಗಿ ಬೆಚ್ಚಿ ಏಳುವುದು, ಮೂತ್ರಕ್ಕಾಗಿ ಪದೇ ಪದೇ ಏಳುವುದು, ವಿಪರೀತ ಬೆವರು.

ಹಗಲಿನ ಲಕ್ಷಣಗಳು: ಬೆಳಿಗ್ಗೆ ತಲೆನೋವು ಮತ್ತು ಬಾಯಿ ಒಣಗುವುದು, ಎಷ್ಟು ಹೊತ್ತು ಮಲಗಿದರೂ ದಣಿವು ಹೋಗದಿರುವುದು, ಕುಳಿತಲ್ಲಿ ತೂಕಡಿಕೆ, ಮರೆವು, ಸಿಡುಕು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು, ದಾಂಪತ್ಯದಲ್ಲಿ ಆಸಕ್ತಿ ಕುಂದುವುದು.

ಈ ಪಟ್ಟಿಯಲ್ಲಿ ರಾತ್ರಿಯ ಲಕ್ಷಣಗಳನ್ನು ರೋಗಿಯು ತಾನಾಗಿ ಹೇಳಲಾರನು. ಆದುದರಿಂದ ಪಕ್ಕದಲ್ಲಿ ಮಲಗುವ ಪತಿ ಅಥವಾ ಪತ್ನಿ, ಮಕ್ಕಳು, ವಸತಿಗೃಹದ ಜೊತೆಗಾರರು ಹೇಳುವ ಮಾತು ಈ ಕಾಯಿಲೆಯಲ್ಲಿ ಬಹಳ ಬೆಲೆಯುಳ್ಳದ್ದು.

ಸ್ಥೂಲಕಾಯ, ದಪ್ಪನೆಯ ಕುತ್ತಿಗೆ, ಹಿಂದಕ್ಕೆ ಸರಿದ ಚಿಕ್ಕ ಗದ್ದ, ಮೂಗು ಕಟ್ಟುವ ತೊಂದರೆ, ಥೈರಾಯ್ಡ್ ಗ್ರಂಥಿಯ ಕೊರತೆ, ಕುಟುಂಬದಲ್ಲಿ ಇದೇ ಕಾಯಿಲೆ ಇರುವುದು, ಧೂಮಪಾನ, ಮಲಗುವ ಮುನ್ನ ಮದ್ಯಪಾನ, ನಿದ್ರೆ ಮಾತ್ರೆಯ ಸೇವನೆ — ಇವು ಸಂಭವವನ್ನು ಹೆಚ್ಚಿಸುತ್ತವೆ. ಆದರೆ ತೆಳ್ಳಗಿರುವವರಿಗೆ ಬರುವುದಿಲ್ಲವೆಂದು ತಿಳಿಯಬಾರದು. ಮುಖ ಮತ್ತು ದವಡೆಯ ರಚನೆಯ ಕಾರಣದಿಂದ ದಪ್ಪವಿಲ್ಲದವರಲ್ಲಿಯೂ ಇದು ಕಾಣಿಸಿಕೊಳ್ಳುತ್ತದೆ.

ಮಹಿಳೆಯರ ವಿಷಯದಲ್ಲಿ ವಿಶೇಷ ಗಮನ ಬೇಕು. ಮುಟ್ಟು ನಿಂತ ನಂತರ ಅವರಲ್ಲಿ ಈ ಕಾಯಿಲೆ ಹೆಚ್ಚುತ್ತದೆ. ಅನೇಕರಲ್ಲಿ ಜೋರು ಗೊರಕೆಗಿಂತ ದಣಿವು, ನಿದ್ರಾಹೀನತೆ, ತಲೆನೋವು, ಮನಸ್ಸಿನ ಕುಗ್ಗುವಿಕೆ ಮುಂದಾಗಿ ಕಾಣುವುದರಿಂದ 'ರಕ್ತ ಕಡಿಮೆ', 'ಮನೆಗೆಲಸದ ಸುಸ್ತು' ಎಂದು ವಿಷಯ ಮುಗಿದುಹೋಗುತ್ತದೆ. ಹೆಣ್ಣುಮಕ್ಕಳು ಗೊರಕೆ ಹೊಡೆಯುತ್ತಾರೆಂದು ಹೇಳಿಕೊಳ್ಳಲು ಸಂಕೋಚಪಡುವುದೂ ರೋಗ ಮರೆಯಾಗಿ ಉಳಿಯಲು ಕಾರಣ.

ಮಕ್ಕಳಲ್ಲಿ ಸಾಮಾನ್ಯ ಕಾರಣ ಗಂಟಲಿನ ಟಾನ್ಸಿಲ್ ಮತ್ತು ಮೂಗಿನ ಹಿಂಭಾಗದ ಅಡೆನಾಯ್ಡ್ ಗ್ರಂಥಿಗಳು ಊದಿರುವುದು. ಬಾಯಿ ತೆರೆದು ಮಲಗುವುದು, ನಿತ್ಯ ಗೊರಕೆ, ಹಾಸಿಗೆ ಒದ್ದೆ ಮಾಡುವುದು, ತೂಕ ಏರದಿರುವುದು, ತರಗತಿಯಲ್ಲಿ ಗಮನವಿಲ್ಲದಿರುವುದು ಇದರ ಗುರುತುಗಳು. ದೊಡ್ಡವರಂತೆ ತೂಕಡಿಸುವ ಬದಲು ಇಂಥ ಮಗು ಅತಿಯಾಗಿ ಚಡಪಡಿಸುವುದುಂಟು. 'ತುಂಟ', 'ದಡ್ಡ' ಎಂದು ಕರೆಯಿಸಿಕೊಂಡ ಮಗುವಿನ ನಿದ್ರೆಯನ್ನು ಒಮ್ಮೆ ಗಮನಿಸುವಂತೆ ಪೋಷಕರಿಗೂ ಅಂಗನವಾಡಿ ಕಾರ್ಯಕರ್ತೆಯರಿಗೂ ತಿಳಿಸಬೇಕು.

5. ನಿರ್ಲಕ್ಷಿಸಿದರೆ ಆಗುವ ಹಾನಿ

ಮೊದಲನೆಯದು ರಕ್ತದೊತ್ತಡ. ಮೂರು ಬಗೆಯ ಮಾತ್ರೆ ಸೇವಿಸಿದರೂ ರಕ್ತದೊತ್ತಡ ಹತೋಟಿಗೆ ಬಾರದವರಲ್ಲಿ ಸ್ಲೀಪ್ ಅಪ್ನಿಯಾ ಇದೆಯೇ ಎಂದು ವೈದ್ಯರು ಹುಡುಕುತ್ತಾರೆ. ಹೃದಯದ ಬಡಿತ ಏರುಪೇರಾಗುವುದು, ಹೃದಯದ ಕಾಯಿಲೆ, ಪಾರ್ಶ್ವವಾಯು, ಮಧುಮೇಹ — ಇವುಗಳೊಂದಿಗೂ ಈ ಕಾಯಿಲೆಗೆ ನಂಟಿದೆ. ಕನ್ನಡ ಚಿತ್ರಗಳಿಗೂ ಸಂಗೀತ ನೀಡಿದ್ದ ಬಪ್ಪಿ ಲಹಿರಿ ಅವರು 2022ರ ಫೆಬ್ರವರಿಯಲ್ಲಿ ಮುಂಬೈಯಲ್ಲಿ ನಿಧನರಾದಾಗ, ಅವರಿಗಿದ್ದ ಹಲವು ಆರೋಗ್ಯ ತೊಂದರೆಗಳೊಂದಿಗೆ ಈ ಕಾಯಿಲೆಯೇ ಸಾವಿಗೆ ಕಾರಣವೆಂದು ಆಸ್ಪತ್ರೆಯ ವೈದ್ಯರು ತಿಳಿಸಿದ್ದರು.

ಎರಡನೆಯದು ಅಪಘಾತ. ಚಾಲಕನ ಕಣ್ಣು ಕೆಲವೇ ಸೆಕೆಂಡು ಮುಚ್ಚಿದರೂ ಸಾಕು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವ ವಾಹನವು ಮೂರು ಸೆಕೆಂಡಿನಲ್ಲಿ 50 ಮೀಟರ್ ಮುಂದೆ ಹೋಗಿರುತ್ತದೆ. ಟ್ರ್ಯಾಕ್ಟರ್, ಲಾರಿ, ಶಾಲಾ ವಾಹನ ನಡೆಸುವವರಿಗೆ, ಕಬ್ಬು ಅರೆಯುವ ಯಂತ್ರ, ಮೇವು ಕತ್ತರಿಸುವ ಯಂತ್ರ, ಹಿಟ್ಟಿನ ಗಿರಣಿಯಲ್ಲಿ ದುಡಿಯುವವರಿಗೆ ಈ ಅಪಾಯ ಹೆಚ್ಚು. ಇಲ್ಲಿ ಅಪಾಯ ರೋಗಿಯೊಬ್ಬನದೇ ಅಲ್ಲ, ರಸ್ತೆಯಲ್ಲಿರುವ ಎಲ್ಲರದೂ ಹೌದು.

ಮೂರನೆಯ ಹಾನಿ ಯಾವ ದಾಖಲೆಯಲ್ಲಿಯೂ ಕಾಣದು. ಕೆಲಸ ಹೋಗುವುದು, ಊರಿನಲ್ಲಿ ನಗೆಪಾಟಲಾಗುವುದು, ಪತಿಪತ್ನಿಯರು ಬೇರೆ ಬೇರೆ ಕೋಣೆಯಲ್ಲಿ ಮಲಗುವುದು, ಉಸಿರು ನಿಂತೀತೆಂಬ ಭಯದಿಂದ ಮನೆಯ ಇನ್ನೊಬ್ಬರು ನಿದ್ದೆಗೆಡುವುದು. ಒಬ್ಬರ ಕಾಯಿಲೆಗೆ ಇಬ್ಬರು ದಣಿಯುತ್ತಾರೆ.

6. ರೋಗನಿರ್ಣಯದ ದಾರಿ

ಮೊದಲ ಹಂತ — ಎಂಟು ಪ್ರಶ್ನೆಗಳು. ಕೆನಡಾದ ಟೊರೊಂಟೊ ನಗರದ ವೈದ್ಯರು 2008ರಲ್ಲಿ ಪ್ರಕಟಿಸಿದ, 'ಸ್ಟಾಪ್-ಬ್ಯಾಂಗ್' ಎಂದು ಹೆಸರಾದ ಪ್ರಶ್ನಾವಳಿಯನ್ನು ಈಗ ಅನೇಕ ದೇಶಗಳಲ್ಲಿ ಬಳಸುತ್ತಾರೆ:

1. ಮುಚ್ಚಿದ ಬಾಗಿಲಿನಾಚೆಗೂ ಕೇಳುವಷ್ಟು ಜೋರಾದ ಗೊರಕೆ ಇದೆಯೇ?
2. ಹಗಲು ಹೊತ್ತಿನಲ್ಲಿ ಮೇಲಿಂದ ಮೇಲೆ ದಣಿವು ಅಥವಾ ತೂಕಡಿಕೆ ಇದೆಯೇ?
3. ನಿದ್ರೆಯಲ್ಲಿ ಉಸಿರು ನಿಂತದ್ದನ್ನು ಯಾರಾದರೂ ಕಂಡಿದ್ದಾರೆಯೇ?
4. ಅಧಿಕ ರಕ್ತದೊತ್ತಡ ಇದೆಯೇ, ಅಥವಾ ಅದಕ್ಕೆ ಮಾತ್ರೆ ಸೇವಿಸುತ್ತಿದ್ದಾರೆಯೇ?
5. ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಬಿ.ಎಂ.ಐ. 35ಕ್ಕಿಂತ ಹೆಚ್ಚಿದೆಯೇ?
6. ವಯಸ್ಸು 50ಕ್ಕಿಂತ ಹೆಚ್ಚೇ?
7. ಕುತ್ತಿಗೆಯ ಸುತ್ತಳತೆ 40 ಸೆಂ.ಮೀ.ಗಿಂತ ಹೆಚ್ಚಿದೆಯೇ?
8. ಪುರುಷರೇ?

ಮೂರು ಅಥವಾ ಹೆಚ್ಚು ಪ್ರಶ್ನೆಗಳಿಗೆ 'ಹೌದು' ಎಂದಾದರೆ ವೈದ್ಯರನ್ನು ಕಾಣಬೇಕು. ಐದು ಅಥವಾ ಹೆಚ್ಚಾದರೆ ವಿಳಂಬ ಮಾಡಬಾರದು. ಭಾರತೀಯರಲ್ಲಿ ಬಿ.ಎಂ.ಐ. ಇದಕ್ಕಿಂತ ಕಡಿಮೆಯಿದ್ದರೂ ಕಾಯಿಲೆ ಇರಬಹುದಾದ್ದರಿಂದ ಐದನೆಯ ಪ್ರಶ್ನೆಯೊಂದನ್ನೇ ನೆಚ್ಚಿ ಇಲ್ಲವೆಂದು ತೀರ್ಮಾನಿಸುವಂತಿಲ್ಲ. ಈ ಪ್ರಶ್ನೆಗಳು ಸಂಶಯವನ್ನು ತೋರಿಸುತ್ತವೆಯೇ ಹೊರತು ರೋಗವನ್ನು ಖಚಿತಪಡಿಸುವುದಿಲ್ಲ.

ಎರಡನೆಯ ಹಂತ — ಊರಿನ ಹತ್ತಿರದ ತಪಾಸಣೆ. 30 ವರ್ಷ ಮೇಲ್ಪಟ್ಟವರಿಗೆ ರಕ್ತದೊತ್ತಡ ಮತ್ತು ಮಧುಮೇಹದ ತಪಾಸಣೆ ಆಯುಷ್ಮಾನ್ ಆರೋಗ್ಯ ಮಂದಿರ ಹಾಗೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆಯುತ್ತದೆ. ಅಲ್ಲಿ ಗೊರಕೆಯ ವಿಷಯವನ್ನೂ ಹಗಲು ನಿದ್ದೆಯ ವಿಷಯವನ್ನೂ ರೋಗಿಯೇ ಬಾಯಿಬಿಟ್ಟು ಹೇಳಬೇಕು, ಕೇಳದಿದ್ದರೂ ಹೇಳಬೇಕು. ಜೊತೆಗೆ ಮಲಗುವವರನ್ನು ಕರೆದೊಯ್ಯುವುದು ಉತ್ತಮ. ಮನೆಯವರು ಮೊಬೈಲಿನಲ್ಲಿ ಎರಡು ನಿಮಿಷದ ಗೊರಕೆಯನ್ನು ಚಿತ್ರೀಕರಿಸಿ ತೋರಿಸಿದರೆ ವೈದ್ಯರಿಗೆ ಬಹಳ ನೆರವಾಗುತ್ತದೆ. ದಣಿವಿಗೆ ರಕ್ತಹೀನತೆ, ಥೈರಾಯ್ಡ್, ಖಿನ್ನತೆ, ರಾತ್ರಿಪಾಳಿ, ಬೇರೆ ಔಷಧಿಗಳ ಪರಿಣಾಮ ಮುಂತಾದ ಕಾರಣಗಳೂ ಇರಬಹುದಾದ್ದರಿಂದ ಅವನ್ನೂ ಪರೀಕ್ಷಿಸಲಾಗುತ್ತದೆ.

ಮೂರನೆಯ ಹಂತ — ನಿದ್ರಾ ಪರೀಕ್ಷೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯ ಶಿಫಾರಸು ಪತ್ರದೊಂದಿಗೆ ಜಿಲ್ಲಾ ಆಸ್ಪತ್ರೆ ಅಥವಾ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗ ಅಥವಾ ಶ್ವಾಸಕೋಶ ವಿಭಾಗಕ್ಕೆ ಹೋಗಬೇಕು. ಪರೀಕ್ಷೆಯ ಸೌಲಭ್ಯ ಅಲ್ಲಿ ಇಲ್ಲದಿದ್ದರೆ ಇರುವ ಕಡೆಗೆ ಅವರೇ ಕಳುಹಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ನಿದ್ರಾ ಸಂಬಂಧಿ ತೊಂದರೆಗಳ ತಪಾಸಣೆ ನಡೆಯುತ್ತದೆ. ಈ ಪರೀಕ್ಷೆಯಲ್ಲಿ ಚುಚ್ಚುವುದಾಗಲಿ ಕೊಯ್ಯುವುದಾಗಲಿ ಇಲ್ಲ. ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿಸಿ ತಲೆ, ಎದೆ, ಕಾಲು, ಬೆರಳಿಗೆ ತಂತಿಗಳನ್ನು ಅಂಟಿಸಿ ಮೆದುಳಿನ ಚಟುವಟಿಕೆ, ಉಸಿರು, ಆಮ್ಲಜನಕ, ಹೃದಯ ಬಡಿತಗಳನ್ನು ದಾಖಲಿಸುತ್ತಾರೆ. ಕೆಲವರಿಗೆ ಚಿಕ್ಕ ಸಾಧನವನ್ನು ಕೊಟ್ಟು ಮನೆಯಲ್ಲಿಯೇ ಪರೀಕ್ಷೆ ಮಾಡಿಸುವುದೂ ಉಂಟು.

ವರದಿಯಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಎ.ಎಚ್.ಐ. ಎಂಬ ಸಂಖ್ಯೆ. ನಿದ್ರೆಯಲ್ಲಿ ಗಂಟೆಗೆ ಸರಾಸರಿ ಎಷ್ಟು ಬಾರಿ ಉಸಿರು ನಿಂತಿತು ಅಥವಾ ತೀರ ಕುಗ್ಗಿತು ಎಂಬುದನ್ನು ಅದು ತಿಳಿಸುತ್ತದೆ. ದೊಡ್ಡವರಲ್ಲಿ 5ಕ್ಕಿಂತ ಕಡಿಮೆಯಿದ್ದರೆ ಸಹಜ. 5ರಿಂದ 14 ಸೌಮ್ಯ. 15ರಿಂದ 29 ಮಧ್ಯಮ. 30 ಮತ್ತು ಮೇಲ್ಪಟ್ಟು ತೀವ್ರ. ಉದಾಹರಣೆಗೆ, ಆರು ಗಂಟೆಗಳ ನಿದ್ರೆಯಲ್ಲಿ 180 ಬಾರಿ ಉಸಿರು ಕಟ್ಟಿದ್ದರೆ ಎ.ಎಚ್.ಐ. 30, ಅಂದರೆ ಪ್ರತಿ ಎರಡು ನಿಮಿಷಕ್ಕೊಮ್ಮೆ.

7. ಚಿಕಿತ್ಸೆ

ಸಿಪ್ಯಾಪ್ ಯಂತ್ರ: ಮಧ್ಯಮ ಮತ್ತು ತೀವ್ರ ಹಂತದ ಕಾಯಿಲೆಗೆ ಇದು ಪ್ರಧಾನ ಚಿಕಿತ್ಸೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರೂ ಅವರ ಸಂಗಡಿಗರೂ 1981ರಲ್ಲಿ ಇದನ್ನು ಮೊದಲು ವರದಿ ಮಾಡಿದರು. ಹಾಸಿಗೆಯ ಪಕ್ಕದಲ್ಲಿಡುವ ಚಿಕ್ಕ ಯಂತ್ರವು ಕೊಳವೆ ಮತ್ತು ಮಾಸ್ಕ್ ಮೂಲಕ ಮೂಗಿಗೆ ಹದವಾದ ಒತ್ತಡದ ಗಾಳಿಯನ್ನು ಹಾಯಿಸುತ್ತದೆ. ಗಾಳಿ ತುಂಬಿದ ಸೈಕಲ್ ಟ್ಯೂಬು ಕುಸಿಯದೆ ನಿಲ್ಲುವಂತೆ ಆ ಒತ್ತಡವು ಗಂಟಲನ್ನು ತೆರೆದಿಡುತ್ತದೆ. ಇದು ಆಮ್ಲಜನಕದ ಸಿಲಿಂಡರಲ್ಲ. ಕೋಣೆಯ ಗಾಳಿಯನ್ನೇ ಒತ್ತಿ ಕೊಡುವ ಸಾಧನ. ಇದು ಕಾಯಿಲೆಯನ್ನು ಬೇರುಸಹಿತ ಕೀಳುವುದಿಲ್ಲ. ಕನ್ನಡಕ ಹಾಕಿಕೊಂಡಾಗ ಮಾತ್ರ ಕಣ್ಣು ಕಾಣುವಂತೆ, ಯಂತ್ರ ಹಾಕಿಕೊಂಡ ರಾತ್ರಿ ಮಾತ್ರ ಇದರ ಫಲ.

ತೂಕ ಇಳಿಸುವುದು: ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೇಹತೂಕ ಶೇ. 10ರಷ್ಟು ಇಳಿದರೆ ಎ.ಎಚ್.ಐ. ಸುಮಾರು ಶೇ. 26ರಷ್ಟು ಇಳಿಯುತ್ತದೆಂದು ಕಂಡುಬಂದಿದೆ. ತೂಕ ಹೆಚ್ಚಿರುವ ಎಲ್ಲರಿಗೂ ಇದು ಯಂತ್ರದ ಜೊತೆಗೆ ಮಾಡಬೇಕಾದ ಕೆಲಸ, ಯಂತ್ರದ ಬದಲಿಗಲ್ಲ.

ಮಲಗುವ ಭಂಗಿ ಮತ್ತು ಅಭ್ಯಾಸ: ಅಂಗಾತ ಮಲಗಿದಾಗ ಮಾತ್ರ ಉಸಿರು ಕಟ್ಟುವವರಿಗೆ ಮಗ್ಗುಲಾಗಿ ಮಲಗುವುದರಿಂದ ಪ್ರಯೋಜನವಾಗುತ್ತದೆ. ಬನಿಯನ್ನಿನ ಬೆನ್ನಿಗೆ ಜೇಬು ಹೊಲಿದು ಅದರಲ್ಲಿ ಚೆಂಡು ಇಟ್ಟರೆ ಅಂಗಾತ ಹೊರಳುವುದು ತಪ್ಪುತ್ತದೆ. ಮದ್ಯ, ತಂಬಾಕು ಬಿಡಬೇಕು. ವೈದ್ಯರನ್ನು ಕೇಳದೆ ನಿದ್ರೆ ಮಾತ್ರೆ ಸೇವಿಸಕೂಡದು. ಅದು ಗಂಟಲನ್ನು ಮತ್ತಷ್ಟು ಸಡಿಲಗೊಳಿಸುತ್ತದೆ.

ದಂತ ಸಾಧನ ಮತ್ತು ಶಸ್ತ್ರಚಿಕಿತ್ಸೆ: ಸೌಮ್ಯ ಅಥವಾ ಮಧ್ಯಮ ಹಂತದವರಿಗೆ ಕೆಳದವಡೆಯನ್ನು ಸ್ವಲ್ಪ ಮುಂದಕ್ಕೆ ಹಿಡಿಯುವ ಸಾಧನವನ್ನು ದಂತವೈದ್ಯರು ಮಾಡಿಕೊಡಬಲ್ಲರು. ಟಾನ್ಸಿಲ್ ಊದಿರುವ ಮಕ್ಕಳಲ್ಲಿ ಶಸ್ತ್ರಚಿಕಿತ್ಸೆಯಿಂದ ಹೆಚ್ಚಿನವರು ಸುಧಾರಿಸುತ್ತಾರೆ. ದೊಡ್ಡವರಲ್ಲಿ ಆಯ್ದ ಕೆಲವರಿಗೆ ಮಾತ್ರ ಶಸ್ತ್ರಚಿಕಿತ್ಸೆ ಸೂಕ್ತ.

ಈ ಕಾಯಿಲೆಯುಳ್ಳವರು ಬೇರೆ ಯಾವುದೇ ಶಸ್ತ್ರಚಿಕಿತ್ಸೆಗೆ ಒಳಗಾಗುವ ಮುನ್ನ ಅರಿವಳಿಕೆ ನೀಡುವ ವೈದ್ಯರಿಗೆ ಈ ವಿಷಯವನ್ನು ತಪ್ಪದೆ ತಿಳಿಸಬೇಕು.

8. ಯಂತ್ರದೊಂದಿಗೆ ಬಾಳುವುದು

ಚಿಕಿತ್ಸೆಯಲ್ಲಿ ಸೋಲು ಹೆಚ್ಚಾಗಿ ಸಂಭವಿಸುವುದು ರೋಗನಿರ್ಣಯದ ನಂತರ. ಯಂತ್ರ ಮನೆಗೆ ಬರುತ್ತದೆ. ಮೊದಲ ವಾರ ಮುಖಕ್ಕೆ ಮಾಸ್ಕ್ ಒಗ್ಗುವುದಿಲ್ಲ. ಮೂಗು ಒಣಗುತ್ತದೆ, ಗಾಳಿ ಸೋರಿ ಕಣ್ಣಿಗೆ ಬಡಿಯುತ್ತದೆ. ಮಕ್ಕಳು ಹೆದರುತ್ತಾರೆ, ನೆಂಟರು ನೋಡಿ ನಗುತ್ತಾರೆ. ಎರಡನೆಯ ತಿಂಗಳಿಗೆ ಯಂತ್ರ ಅಟ್ಟ ಸೇರುತ್ತದೆ. ಆದುದರಿಂದ ಮೊದಲ ಕೆಲವು ವಾರಗಳ ಬೆಂಬಲವೇ ನಿರ್ಣಾಯಕ.

* ಹಗಲು ಹೊತ್ತಿನಲ್ಲಿ ಟಿ.ವಿ. ನೋಡುತ್ತ ಅರ್ಧ ಗಂಟೆ ಮಾಸ್ಕ್ ಧರಿಸಿ ರೂಢಿ ಮಾಡಿಕೊಳ್ಳಬೇಕು.
* ಮಾಸ್ಕಿನ ಅಳತೆ ಸರಿಯಿಲ್ಲದಿದ್ದರೆ ಸಹಿಸಿಕೊಂಡು ಕೂರದೆ ಬದಲಾಯಿಸಿಕೊಳ್ಳಬೇಕು. ಗಾಳಿಯ ಒತ್ತಡವನ್ನು ವೈದ್ಯರ ಸಲಹೆಯಿಲ್ಲದೆ ಬದಲಾಯಿಸಬಾರದು.
* ಪ್ರತಿ ರಾತ್ರಿ, ಮಲಗಿರುವಷ್ಟು ಹೊತ್ತೂ ಬಳಸುವುದು ಗುರಿ. ಬಳಕೆ ಸಾಕಷ್ಟಿದೆಯೇ ಎಂದು ನೋಡಲು ವೈದ್ಯರು ಸಾಮಾನ್ಯವಾಗಿ ರಾತ್ರಿಗೆ ಕನಿಷ್ಠ 4 ಗಂಟೆಯಂತೆ ಶೇ. 70ರಷ್ಟು ರಾತ್ರಿಗಳ ಬಳಕೆಯನ್ನು ಅಳತೆಯಾಗಿ ಇಟ್ಟುಕೊಳ್ಳುತ್ತಾರೆ. ಬಳಸಿದ ಗಂಟೆಗಳ ಲೆಕ್ಕ ಯಂತ್ರದಲ್ಲಿಯೇ ದಾಖಲಾಗುತ್ತದೆ.
* ಮಾಸ್ಕನ್ನು ದಿನವೂ ಒರೆಸಿ, ಕೊಳವೆಯನ್ನು ವಾರಕ್ಕೊಮ್ಮೆ ಸೌಮ್ಯ ಸಾಬೂನಿನಿಂದ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಒಲೆಯ ಹೊಗೆ ಮತ್ತು ಧೂಳಿರುವ ಮನೆಗಳಲ್ಲಿ ಫಿಲ್ಟರನ್ನು ಆಗಾಗ ನೋಡಿಕೊಳ್ಳಬೇಕು. ತೇವ ನೀಡುವ ತೊಟ್ಟಿಗೆ ಕೊಳವೆಬಾವಿಯ ಗಡಸು ನೀರನ್ನು ಹಾಕದೆ ಡಿಸ್ಟಿಲ್ಡ್ ನೀರನ್ನು ಬಳಸಬೇಕು.
* ವಿದ್ಯುತ್ ಕಡಿತವಿರುವ ಊರುಗಳಲ್ಲಿ ಇನ್ವರ್ಟರ್ ಅಥವಾ ಬ್ಯಾಟರಿಯ ವ್ಯವಸ್ಥೆಯನ್ನು ಮೊದಲೇ ಯೋಚಿಸಬೇಕು. ನೀರು ಬಿಸಿ ಮಾಡುವ ಭಾಗವನ್ನು ಬಳಸದಿದ್ದರೆ ಯಂತ್ರಕ್ಕೆ ಬೇಕಾಗುವ ವಿದ್ಯುತ್ ಕಡಿಮೆ. ಯಂತ್ರ ನಿಂತರೆ ಮಾಸ್ಕ್ ತೆಗೆದು ಮಗ್ಗುಲಾಗಿ ಮಲಗಬೇಕು.
* ಜಾತ್ರೆ, ಮದುವೆ, ಯಾತ್ರೆಗೆ ಹೋಗುವಾಗಲೂ ಯಂತ್ರವನ್ನು ಜೊತೆಗೆ ಒಯ್ಯಬೇಕು.

9. ವೆಚ್ಚ ಮತ್ತು ನೆರವು

ಯಂತ್ರದ ಬೆಲೆ ಹತ್ತಾರು ಸಾವಿರ ರೂಪಾಯಿಗಳಷ್ಟಿರುವುದರಿಂದ ಬಡ ಕುಟುಂಬಗಳಿಗೆ ಇದೇ ದೊಡ್ಡ ಅಡ್ಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ, ಸಹಕಾರ ಸಂಘಗಳ ಸದಸ್ಯರಿಗಿರುವ ಯಶಸ್ವಿನಿ ಯೋಜನೆ, ಮುಖ್ಯಮಂತ್ರಿಗಳ ಪರಿಹಾರ ನಿಧಿ — ಇವುಗಳಲ್ಲಿ ಪರೀಕ್ಷೆ, ಶಸ್ತ್ರಚಿಕಿತ್ಸೆ ಅಥವಾ ಸಾಧನಕ್ಕೆ ಎಷ್ಟರಮಟ್ಟಿಗೆ ನೆರವು ದೊರೆಯುವುದೆಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಅಥವಾ 104 ಆರೋಗ್ಯ ಸಹಾಯವಾಣಿಯಲ್ಲಿ ಮೊದಲೇ ವಿಚಾರಿಸಬೇಕು. ಆಧಾರ್, ಪಡಿತರ ಚೀಟಿ ಮತ್ತು ಶಿಫಾರಸು ಪತ್ರ ಕೈಯಲ್ಲಿರಬೇಕು. ಪಂಚಾಯತಿಯ ಸ್ವಂತ ಸಂಪನ್ಮೂಲದಲ್ಲಿ ಮೀಸಲಿಟ್ಟ ನಿಧಿಯಿಂದ ವೈದ್ಯಕೀಯ ನೆರವು ನೀಡುವ ಪ್ರಸ್ತಾವ ಬಂದಲ್ಲಿ, ಜಾರಿಯಲ್ಲಿರುವ ಸರ್ಕಾರಿ ಆದೇಶಗಳನ್ನು ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರೊಂದಿಗೆ ಪರಿಶೀಲಿಸಿ ಮುಂದುವರಿಯತಕ್ಕದ್ದು. ಯಂತ್ರ ಕೊಳ್ಳುವ ಮುನ್ನ ಕೆಲವು ದಿನ ಬಾಡಿಗೆಗೆ ಪಡೆದು ಬಳಸಿ ನೋಡುವುದು ಜಾಣತನ.

10. ಸದಸ್ಯರ ಕರ್ತವ್ಯ

1. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಈ ವಿಷಯವನ್ನು ಒಮ್ಮೆಯಾದರೂ ಚರ್ಚೆಗೆ ತರುವುದು. ರಕ್ತದೊತ್ತಡದ ತಪಾಸಣಾ ಶಿಬಿರದಲ್ಲಿ ಎಂಟು ಪ್ರಶ್ನೆಗಳನ್ನೂ ಕೇಳುವಂತೆ ಆರೋಗ್ಯ ಸಿಬ್ಬಂದಿಯನ್ನು ಕೋರುವುದು.
2. ಶಾಲೆ ಮತ್ತು ಅಂಗನವಾಡಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದಾಗ, ಬಾಯಿ ತೆರೆದು ಗೊರಕೆ ಹೊಡೆಯುವ ಮಕ್ಕಳನ್ನು ತೋರಿಸುವಂತೆ ಶಿಕ್ಷಕರಿಗೆ ತಿಳಿಸುವುದು.
3. ಪಂಚಾಯತಿಯ ವಾಹನ ಚಾಲಕರು, ನೀರುಗಂಟಿಗಳು ಮತ್ತು ಕಾವಲುಗಾರರಿಗೆ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಏರ್ಪಡಿಸುವುದು. ಸಂಶಯವಿರುವವರಿಗೆ ಚಿಕಿತ್ಸೆ ಹಿಡಿತಕ್ಕೆ ಬರುವವರೆಗೆ ವಾಹನ ಚಾಲನೆ ಮತ್ತು ರಾತ್ರಿಯ ಒಂಟಿ ಕೆಲಸವನ್ನು ಬದಲಾಯಿಸಿಕೊಡುವುದು.
4. ರೋಗಿಯ ವಿವರವನ್ನು ಸಭೆಯಲ್ಲಿ ಬಹಿರಂಗಪಡಿಸದೆ ಗೌಪ್ಯವಾಗಿಡುವುದು. ಅಡ್ಡಹೆಸರು, ಅಪಹಾಸ್ಯವನ್ನು ತಡೆಯುವುದು.
5. ಗೊರಕೆ ನಿಲ್ಲಿಸುವುದಾಗಿ ಜಾಹೀರಾತು ನೀಡುವ ಉಂಗುರ, ಮೂಗಿನ ಕ್ಲಿಪ್ಪು ಮುಂತಾದವನ್ನು ನಂಬಿ ಜನರು ಕಾಲ ಕಳೆಯದಂತೆ ಎಚ್ಚರಿಸುವುದು. ಉಸಿರುಗಟ್ಟಿ ಬೆಚ್ಚಿ ಏಳುವುದು ದೆವ್ವದ ಕಾಟವೆಂದು ತಾಯತಕ್ಕೆ ಓಡುವವರನ್ನು ವೈದ್ಯರ ಬಳಿಗೆ ಕರೆತರುವುದು.

11. ಸನ್ನಿವೇಶದ ಮುಂದಿನ ಭಾಗ

ಮೇಲೆ ಹೇಳಿದ ಸಭೆಯು ತೀರ್ಮಾನವನ್ನು ಎರಡು ತಿಂಗಳು ಮುಂದೂಡಿತು. ಅಲ್ಲಿಯವರೆಗೆ ಬೆಳಗಿನ ಜಾವದ ನೀರು ಬಿಡುವ ಕೆಲಸವನ್ನು ಇನ್ನೊಬ್ಬರಿಗೆ ವಹಿಸಲಾಯಿತು. ಮೇಲಿನ ಕೇರಿಗೆ ನೀರು ತಪ್ಪಲಿಲ್ಲ. ನೀರುಗಂಟಿಯೂ ಆತನ ಪತ್ನಿಯೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ, ಅಲ್ಲಿಂದ ನಿದ್ರಾ ಪರೀಕ್ಷೆಗೆ ಹೋದರು. ಎ.ಎಚ್.ಐ. 42 ಎಂದು ವರದಿ ಬಂತು. ಯಂತ್ರಕ್ಕೆ ಹಣ ಹೊಂದಿಸಲು ಒಂದು ತಿಂಗಳು ಹಿಡಿಯಿತು. ಮೊದಲ ಹತ್ತು ದಿನ ಆತ ನಡುರಾತ್ರಿ ಮಾಸ್ಕ್ ಕಿತ್ತೆಸೆಯುತ್ತಿದ್ದ. ಪತ್ನಿ ಮತ್ತೆ ಹಾಕುತ್ತಿದ್ದಳು. ಮೂರನೆಯ ವಾರದಲ್ಲಿ ಒಂದು ಬೆಳಿಗ್ಗೆ ತಲೆನೋವಿಲ್ಲದೆ ಎದ್ದ. ರಕ್ತದೊತ್ತಡದ ಮಾತ್ರೆ ಇನ್ನೂ ಮುಂದುವರಿದಿದೆ. ಕರೆಂಟು ಹೋದ ರಾತ್ರಿಯ ಮರುದಿನ ತೂಕಡಿಕೆ ಇನ್ನೂ ಬರುತ್ತದೆ. ಆದರೆ ಆತ ಕೆಲಸದಲ್ಲಿದ್ದಾನೆ, ಟ್ಯಾಂಕು ತುಂಬಿ ಹರಿಯುತ್ತಿಲ್ಲ. ಆತನ ಪತ್ನಿಯೂ ಈಗ ರಾತ್ರಿ ನಿದ್ದೆ ಮಾಡುತ್ತಾಳೆ.

ವೈದ್ಯಕೀಯ ತಪಾಸಣೆಯಲ್ಲಿ ಯಾವ ಕಾಯಿಲೆಯೂ ಕಂಡುಬಾರದಿದ್ದರೆ ಅದೇ ಸಭೆಗೆ ಶಿಸ್ತುಕ್ರಮದ ದಾರಿ ತೆರೆದೇ ಇರುತ್ತಿತ್ತು. ಎರಡು ತಿಂಗಳ ತಾಳ್ಮೆಯಿಂದ ಪಂಚಾಯತಿಯು ಕಳೆದುಕೊಳ್ಳುವಂಥದ್ದು ಏನೂ ಇರಲಿಲ್ಲ. ಆತುರಪಟ್ಟಿದ್ದರೆ ಒಂದು ಕುಟುಂಬ ಅನ್ನವನ್ನೂ ಆರೋಗ್ಯವನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಿತ್ತು.

12. ಚರ್ಚೆಗೆ ಪ್ರಶ್ನೆಗಳು

1. ಸನ್ನಿವೇಶದಲ್ಲಿ ಮಹಿಳಾ ಸದಸ್ಯೆಯು ನೀಡಿದ ಮಾಹಿತಿಯಲ್ಲಿ ಕಾಯಿಲೆಯ ಎಷ್ಟು ಗುರುತುಗಳಿವೆ? ಎಂಟು ಪ್ರಶ್ನೆಗಳಲ್ಲಿ ಯಾವುವಕ್ಕೆ 'ಹೌದು' ಎಂಬ ಉತ್ತರ ದೊರೆಯುತ್ತದೆ?
2. ರೋಗಿಯ ಗೌಪ್ಯತೆಯ ದೃಷ್ಟಿಯಿಂದ ಆ ಮಾಹಿತಿಯನ್ನು ತುಂಬಿದ ಸಭೆಯಲ್ಲಿ ಹೇಳಿದ್ದು ಸರಿಯೇ? ಬೇರೆ ಯಾವ ರೀತಿಯಲ್ಲಿ ತಿಳಿಸಬಹುದಿತ್ತು?
3. ತಮ್ಮ ಗ್ರಾಮದಿಂದ ಅತಿ ಸಮೀಪದ ನಿದ್ರಾ ಪರೀಕ್ಷೆಯ ಸೌಲಭ್ಯ ಎಲ್ಲಿದೆ? ಅಲ್ಲಿಗೆ ಶಿಫಾರಸು ಪಡೆಯುವ ಕ್ರಮವೇನು? (ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯವರಿಂದ ತಿಳಿದು ಬರೆದಿಡುವುದು.)
4. ತಮ್ಮ ಪಂಚಾಯತಿಯಲ್ಲಿ ಕೆಲಸದ ವೇಳೆ ನಿದ್ದೆ ಮಾಡಿದ ಕಾರಣಕ್ಕೆ ಹಿಂದೆ ಯಾರನ್ನಾದರೂ ಕೆಲಸದಿಂದ ತೆಗೆಯಲಾಗಿದೆಯೇ? ಆಗ ಅವರ ಆರೋಗ್ಯವನ್ನು ಯಾರಾದರೂ ವಿಚಾರಿಸಿದ್ದರೇ? ಅವರು ಈಗ ಹೇಗಿದ್ದಾರೆ?